ತಲೆ ಎತ್ತಿದ್ದಕ್ಕೆ ಆರು ದಿನದ ಸಂಬಳ

ಕಾಲರಕ್ಕನಿಗೆ ಬರಬೇಕಾದ ಆರು ದಿನದ ಸಂಬಳ ಇನ್ನೂ ಬಂದಿಲ್ಲ. ಕಾರಣವನ್ನು ಕಂಪನಿಯವರು ನಾಚಿಕೆಯಿಲ್ಲದೆ ಚೀಟಿಯಲ್ಲಿ ಬರೆದೇ ಕೊಟ್ಟಿದ್ದಾರೆ: ‘ಕೆಲಸದ ವೇಳೆಯಲ್ಲಿ ತಲೆ ಎತ್ತಿದ್ದಕ್ಕೆ.’

ಹದಿನಾರು ವರ್ಷದಿಂದ ಆಕೆ ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರ್ ಹೊಲಿಯುತ್ತಾಳೆ. ತೋಳಲ್ಲ, ಜೇಬಲ್ಲ, ಬರೀ ಕಾಲರ್. ಗಂಟೆಗೆ ಅರವತ್ತು. ನಾಲ್ಕು ವರ್ಷದಿಂದ ಕತ್ತು ಮರಗಟ್ಟಿತ್ತು. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು. “ನಮ್ಮತ್ತಿಗೆ ಲಾರಿ ಇದ್ದಂಗೆ, ತಿರುಗೋಕೆ ಅಗಲ ರಸ್ತೆ ಬೇಕು” ಎಂದು ನಾದಿನಿ ನಗಿಸುತ್ತಿದ್ದಳು. ಕಂಪನಿಯ ನರ್ಸ್ ಕೊಡುತ್ತಿದ್ದದ್ದು ಒಂದೇ ಬಿಳಿ ಮಾತ್ರೆ. ಕತ್ತಿಗೂ ಅದೇ, ಹೊಟ್ಟೆಗೂ ಅದೇ. ಮಾತ್ರೆ ನುಂಗಿಸಿ ದುಡಿಸುವ ಈ ಬುದ್ಧಿಗೆ ಬೆಂಕಿ ಹಾಕ!

ಕೊನೆಗೆ ನಾದಿನಿಯೇ ಎಳೆದುಕೊಂಡು ಹೋಗಿ ಸೂಜಿ ಡಾಕ್ಟರಮ್ಮನ ಮುಂದೆ ಕೂರಿಸಿದಳು. ಕೂದಲೆಳೆಯಂಥ ಸೂಜಿಗಳನ್ನು ಕತ್ತಿಗೆ, ಹೆಗಲಿಗೆ ಚುಚ್ಚಿ ಇಪ್ಪತ್ತು ನಿಮಿಷ ಬಿಡುವುದು. ಆಮೇಲೆ ಪಕ್ಕದ ಕೋಣೆಯಲ್ಲಿ ಅರ್ಧ ಗಂಟೆ ವ್ಯಾಯಾಮ ಮಾಡಿಸುವುದು.

ಮೊದಲ ವಾರವೇ ಹೆಗಲ ಮೇಲಿನ ಕಲ್ಲು ಇಳಿದಂತಾಯಿತು. ಅಲ್ಲೇ ಎಡವಿದಳು. ಸೂಪರ್‌ವೈಸರ್ ಕೊಟ್ಟಿದ್ದು ಹೋಗಿ ಬರುವುದೂ ಸೇರಿ ಒಂದೇ ಗಂಟೆಯ ಪರ್ಮಿಶನ್. ಸೂಜಿ ಕಿತ್ತ ಕೂಡಲೇ ಚಪ್ಪಲಿ ಮೆಟ್ಟಿ ಮೆಷಿನ್ನಿಗೆ ಓಡುತ್ತಿದ್ದಳು; ಪಕ್ಕದ ಕೋಣೆಗೆ ಕಾಲಿಡಲೇ ಇಲ್ಲ. ನೋವಿಲ್ಲದ ಕತ್ತು ಇನ್ನಷ್ಟು ಬಗ್ಗಿ, ಅರವತ್ತು ಎಪ್ಪತ್ತೈದಾಯಿತು. ಸೂಪರ್‌ವೈಸರ್ ಅದನ್ನೇ ಇಡೀ ಸಾಲಿಗೆ ಟಾರ್ಗೆಟ್ ಮಾಡಿದ. ಸಾಲಿನ ಹೆಂಗಸರು ಆಕೆಗೆ ಹಿಡಿಶಾಪ ಹಾಕಿದರು. ತಿಂಗಳಾಗುವಷ್ಟರಲ್ಲಿ ನೋವು ಬೆರಳ ತುದಿಗಿಳಿದು, ಬಟ್ಟೆ ಹಿಡಿಯಲೂ ಆಗದಾಯಿತು.

ಡಾಕ್ಟರಮ್ಮ ಉಗಿದರು. “ಸೂಜೀನ ಪೆಟ್ರೋಲ್ ಥರ ಹಾಕಿಸ್ಕೊಂಡು ಓಡಿದ್ಯಲ್ಲಮ್ಮಾ! ನೋವು ಕಮ್ಮಿ ಇರೋ ಹೊತ್ತಲ್ಲೇ ಕತ್ತು ಗಟ್ಟಿ ಮಾಡ್ಕೋಬೇಕು. ಎರಡೂ ಬೇಕು. ಇಲ್ಲಿ ಅರ್ಧ ಗಂಟೆ. ಅಲ್ಲಿ ಗಂಟೆಗೊಂದ್ಸಲ ಎರಡು ನಿಮಿಷ ತಲೆ ಎತ್ತು, ಗಲ್ಲ ಒಳಗೆಳ್ಕೋ, ಹೆಗಲು ಹಿಂದಕ್ಕೆ.”

“ಎರಡು ನಿಮಿಷದಲ್ಲಿ ಎರಡೂವರೆ ಕಾಲರ್ ಆಗುತ್ತೆ ಡಾಕ್ಟ್ರೇ.”

“ಅದು ಯಾರ ಕತ್ತಿಗೋ ಹೋಗುತ್ತೆ. ನಿನ್ ಕತ್ತು ಯಾರು ಕೊಡ್ತಾರೆ?”

ಸೋಮವಾರ ಹತ್ತು ಗಂಟೆಗೆ ಕಾಲರಕ್ಕ ಪೆಡಲಿನಿಂದ ಕಾಲು ತೆಗೆದು ತಲೆ ಎತ್ತಿದಳು.

“ಏನೇ, ಫ್ಯಾನ್ ಎಣಿಸ್ತಿದ್ಯಾ?” ಸೂಪರ್‌ವೈಸರ್ ಕಿರುಚಿದ.

“ಹೂಂ ಸಾರ್. ಹದಿನಾರು ವರ್ಷಕ್ಕೆ ಇವತ್ತೇ ನೋಡಿದ್ದು. ಆರರಲ್ಲಿ ನಾಲ್ಕು ತಿರುಗ್ತಾನೇ ಇಲ್ಲ.”

ಸಾಲೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ಶಪಿಸಿದ್ದ ಹಿಂದಿನ ಮೆಷಿನ್ನಿನವಳು ತಾನೂ ತಲೆ ಎತ್ತಿದಳು. ಹನ್ನೊಂದು ಗಂಟೆಗೆ ಒಂಬತ್ತು ಜನ. ಶನಿವಾರದ ಹೊತ್ತಿಗೆ ಇಡೀ ಸಾಲು, ಮೂವತ್ತೆರಡು ಕತ್ತು. ಸಂಬಳ ಹಿಡಿದದ್ದು ಮಾತ್ರ ಮೊದಲು ಎತ್ತಿದವಳದು.

ಈಗ ಊಟದ ಬಿಡುವನ್ನೂ ಸೇರಿಸಿಕೊಂಡು ಸೂಜಿ, ವ್ಯಾಯಾಮ ಎರಡೂ ನಡೆದಿವೆ. ಕರೆದರೆ ಕತ್ತು ಅರ್ಧ ತಿರುಗುತ್ತದೆ. ಉಳಿದರ್ಧಕ್ಕೆ ತಿಂಗಳುಗಳು ಬೇಕು. ಅಷ್ಟರಲ್ಲಿ, ಇನ್ನೊಮ್ಮೆ ತಲೆ ಎತ್ತಿದರೆ ಕೆಲಸವೇ ಇಲ್ಲ ಎಂದು ಗೋಡೆಗೆ ನೋಟಿಸು ಹಚ್ಚಿದ್ದಾರೆ.

ಕಾಲರ್ ಅಂಗಿ ತೊಟ್ಟು ಇದನ್ನು ಓದುತ್ತಿರುವವರೇ, ಅಯ್ಯೋ ಪಾಪ ಅನ್ನಬೇಡಿ. ಸೋಮವಾರ ಎಂಟಕ್ಕೆ ಕಾರ್ಖಾನೆಯ ಗೇಟಿಗೆ ಬನ್ನಿ. ಆರು ದಿನದ ಸಂಬಳ, ಗಂಟೆಗೆ ಎರಡು ನಿಮಿಷ, ಎರಡನ್ನೂ ನಮ್ಮ ಸಾಲಿನವರ ಜೊತೆ ನಿಂತು ಕೇಳಿ. ಬರ್ತೀರಾ, ಇಲ್ವಾ?