ಬಾಗಿಲ ಆಚೆಯ ಕನ್ನಡ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವನಲ್ಲ. ನಮ್ಮ ಮನೆಯ ಹಿರಿಯರು ಮೈಮೇಲೆ ದೇವರು ಬಂದದ್ದನ್ನೋ, ಸತ್ತವರು ಹೆಸರು ಹಿಡಿದು ಕರೆದದ್ದನ್ನೋ ಹೇಳತೊಡಗಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಬಿ.ಎಡ್. ಮುಗಿಸಿ ಕೂಡ್ಲಿಗಿಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಆಗ ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದ ಅಮೆರಿಕದ ವೃದ್ಧ ದಂಪತಿಗೆ ದುಭಾಷಿ ಬೇಕಾಗಿದ್ದಾನೆ ಎಂದು ತಿಳಿದು ಹೋದೆ. ಗಂಡ ವಾಲ್ಟರ್, ತಮ್ಮ ದೇಶದಲ್ಲಿ ಹಸು ಸಾಕಿ ಹಾಲು ಮಾರಿದ ರೈತ. ಹೆಂಡತಿ ಮಾರ್ಗರೆಟ್, ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವರು. ನಿವೃತ್ತರಾದ ಮೇಲೆ ಅವರ ಚರ್ಚು ಅವರನ್ನು ಇಲ್ಲಿಗೆ ಕಳಿಸಿತ್ತು. ಕಾಲಿಲ್ಲದವರಿಗೆ ಗಾಲಿಕುರ್ಚಿ ಕೊಡಿಸುವುದು, ಶಾಲೆಗಳಿಗೆ ನೀರಿನ ವ್ಯವಸ್ಥೆ ಮಾಡುವುದು, ಹುಟ್ಟಿದ ಕೂಸು ಉಸಿರಾಡದಿದ್ದರೆ ಏನು ಮಾಡಬೇಕೆಂದು ಸೂಲಗಿತ್ತಿಯರಿಗೆ ಕಲಿಸುವುದು ಅವರ ಕೆಲಸ. ಮತದ ಮಾತನ್ನು ಅವರು ಎಲ್ಲಿಯೂ ಎತ್ತಿದ್ದು ನನಗೆ ನೆನಪಿಲ್ಲ.

ಅವರ ಜೀಪಿನಲ್ಲಿ ಕಾನಹೊಸಹಳ್ಳಿಯಿಂದ ಉಚ್ಚಂಗಿದುರ್ಗದವರೆಗೆ ಸುತ್ತಿದ ಆ ದಿನಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಕೊಟ್ಟೂರಿನಲ್ಲಿ ನಿಂತಾಗಲೆಲ್ಲ ವಾಲ್ಟರ್ ಮಂಡಕ್ಕಿ, ಮಿರ್ಚಿ ಕೊಂಡು ಕಣ್ಣೀರು ಒರೆಸಿಕೊಳ್ಳುತ್ತಲೇ ತಿನ್ನುತ್ತಿದ್ದರು. ಜನ ಅವರನ್ನು ಅಜ್ಜಾರು ಎಂದೂ ಆಕೆಯನ್ನು ಅಮ್ಮಾರು ಎಂದೂ ಕರೆಯುತ್ತಿದ್ದರು. ಮಾರ್ಗರೆಟ್‌ಗೆ ಬರುತ್ತಿದ್ದ ಕನ್ನಡ ‘ನಮಸ್ಕಾರ’, ‘ಬಿಸಿನೀರು’, ‘ಸಾಕು’ ಇಷ್ಟೇ. ಉಣ್ಣಲು ಕೂತಾಗ ‘ಸಾಕು’ ಎಂದರೆ ನಮ್ಮ ಹೆಂಗಸರು ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಆ ಪದದ ಅರ್ಥ ತನಗೆ ಸರಿಯಾಗಿ ಹೇಳಿಕೊಟ್ಟಿಲ್ಲವೆಂದು ಆಕೆ ನನ್ನನ್ನು ಬೈಯುತ್ತಿದ್ದರು.

ಅಂದು ಹಡಗಲಿ ತಾಲೂಕಿನಲ್ಲಿ, ಮಾಗಳದ ಹತ್ತಿರದ ಒಂದು ಹಳ್ಳಿಯಲ್ಲಿದ್ದೆವು. ಶಾಲೆಯ ಪಡಸಾಲೆಯಲ್ಲಿ ತರಬೇತಿ ಮುಗಿದು ಜೀಪಿಗೆ ಸಾಮಾನು ಏರಿಸುತ್ತಿದ್ದಾಗ ವಯಸ್ಸಾದ ಹೆಂಗಸೊಬ್ಬಳು ಓಡಿಬಂದಳು. “ಬರ್ರಿ ಅಮ್ಮಾರೆ, ನನ್ನ ಸೊಸಿಗೆ ಬ್ಯಾನಿ ಹೆಚ್ಚಾಗೈತಿ, ಕೂಸು ಇಳೀವಲ್ದು” ಎಂದಳು. ನಾನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಮಾರ್ಗರೆಟ್ ಚೀಲ ಎತ್ತಿಕೊಂಡಿದ್ದರು. ಹಡಗಲಿ ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತಿರಲಿಲ್ಲ. ತಲೆ ಆಗಲೇ ಕಾಣಿಸುತ್ತಿತ್ತಂತೆ.

ಆಕೆಯ ಮನೆಯೊಳಗೆ ಸೊಸೆಯ ಬಳಿ ಊರಿನ ಸೂಲಗಿತ್ತಿ ಹನುಮವ್ವ ಒಬ್ಬಳೇ ಇದ್ದಳು. ಈ ಹೆರಿಗೆಗೆಂದೇ ಆಕೆ ತರಬೇತಿಗೆ ಬಂದಿರಲಿಲ್ಲ. ನಾನು ಮಾರ್ಗರೆಟ್ ಹಿಂದೆ ಹೊಸ್ತಿಲು ದಾಟಲು ಹೋದರೆ ಅಡ್ಡ ನಿಂತಳು. “ಗಂಡಸರು ಒಳಗ ಬರಂಗಿಲ್ಲ. ಅಲ್ಲೇ ಕಟ್ಟಿ ಮ್ಯಾಲೆ ಕುಂದರ್ರಿ” ಎಂದು ಬಾಗಿಲು ಮುಚ್ಚಿದಳು. ನಮ್ಮ ಜೊತೆ ಬರುತ್ತಿದ್ದ ಹಡಗಲಿಯ ನರ್ಸು ಅಂದು ರಜೆಯಲ್ಲಿದ್ದಳು. ಒಳಗಿದ್ದ ಇಬ್ಬರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ತಿಳಿಸಬೇಕಾದ ನಾನು ಕಟ್ಟೆಯ ಮೇಲೆ ವಾಲ್ಟರ್ ಪಕ್ಕದಲ್ಲಿ ಕೂತಿದ್ದೆ.

ಮೊದಮೊದಲು ಮಾರ್ಗರೆಟ್ ಒಳಗಿನಿಂದ ಕೂಗಿದರು, ನಾನು ಅದನ್ನು ಕನ್ನಡ ಮಾಡಿ ಬಾಗಿಲಿಗೆ ಬಾಯಿಟ್ಟು ಕೂಗಿದೆ. ಬಾಣಂತಿಯಾಗಬೇಕಾದವಳ ಚೀರಾಟದಲ್ಲಿ ಯಾರಿಗೆ ಏನು ಕೇಳಿಸಿತೋ. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ಆಮೇಲೆ ಇಬ್ಬರು ಹೆಂಗಸರು ಮೆಲ್ಲಗೆ ಮಾತಾಡುವುದು ಕೇಳಿಸಿತು.

“ಈಕಿದು ಮೊದಲ್ನೇ ಕೂಸು ಏನಾತು?”

“ಉಳೀಲಿಲ್ಲವ್ವಾ. ಹೊಕ್ಕಳ ಬಳ್ಳಿ ಕೊಳ್ಳಿಗೆ ಸುತ್ತಿಕೊಂಡಿತ್ತು.”

“ಹಂಗಾರ ನೀ ತಲಿ ಹಿಡಿ. ಬಳ್ಳಿ ನಾ ಬಿಡಸ್ತೀನಿ. ಎಳೀಬ್ಯಾಡ.”

ಎರಡನೆಯದು ಹನುಮವ್ವನ ಒಡಕು ದನಿ. ಇನ್ನೊಂದು ತೆಳುವಾದ, ತುಸು ನಡುಗುವ ದನಿ. ಅದು ಮಾರ್ಗರೆಟ್ ದನಿಯಂತೆಯೇ ಇತ್ತು. ಆದರೆ ಹಾಗಿರಲಾರದಲ್ಲ. ಹಿತ್ತಿಲ ಬಾಗಿಲಿನಿಂದ ಯಾರೋ ತಿಳಿದವಳು ಬಂದಿರಬೇಕು ಎಂದುಕೊಂಡೆ.

ಆಮೇಲೆ ಒಳಗೆ ಸದ್ದೇ ಇಲ್ಲ. ಕೂಸು ಅಳಲಿಲ್ಲ. ನಮ್ಮನ್ನು ಕರೆಯಲು ಬಂದಿದ್ದ ಅತ್ತೆ ಹೊರಗೆ ಗೋಡೆಗೆ ಹಣೆಯಿಟ್ಟು ನಿಂತಿದ್ದಳು. ವಾಲ್ಟರ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಕೂಸಿನ ಎದೆಗೆ ಗಾಳಿ ತುಂಬುವ ರಬ್ಬರಿನ ಚೀಲ ಉಸ್ಸು ಉಸ್ಸೆನ್ನುವುದು ಕೇಳುತ್ತಿತ್ತು. ಎಷ್ಟು ಹೊತ್ತೋ. ಕೊನೆಗೆ ಬೆಕ್ಕಿನ ಮರಿಯಂಥ ಒಂದು ದನಿ ಬಂತು, ಅದೇ ಬೆಳೆದು ಜೋರು ಅಳುವಾಯಿತು. ಅತ್ತೆ ಅಲ್ಲೇ ಕುಸಿದು ಕೂತಳು.

ವಾಲ್ಟರ್ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. “ಒಳಗಿದ್ದಾಳಲ್ಲ, ಅಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡಿದ ಹೆಂಗಸು, ಯಾರು ಅವಳು?”

ಅವರಿಗೆ ಕೇಳಿಸಿದ್ದೇನೆಂದು ವಿಚಾರಿಸಿದೆ. ಮೊದಲ ಕೂಸು, ಕೊರಳಿಗೆ ಸುತ್ತಿದ ಬಳ್ಳಿ, ಎಳೆಯಬೇಡ ಎಂಬ ಮಾತು, ನಾನು ಕೇಳಿದ್ದೆಲ್ಲವನ್ನೂ ಅದೇ ಕ್ರಮದಲ್ಲಿ ಹೇಳಿದರು. ಅವರು ಕೇಳಿದ್ದು ಇಂಗ್ಲಿಷಿನಲ್ಲಿ.

ಬಾಗಿಲು ತೆರೆದಾಗ ಒಳಗೆ ಇದ್ದದ್ದು ಮಾರ್ಗರೆಟ್, ಹನುಮವ್ವ, ಬಾಣಂತಿ ಮತ್ತು ಕೂಸು ಮಾತ್ರ. ಕೈ ತೊಳೆಯುತ್ತ ಮಾರ್ಗರೆಟ್ ಹನುಮವ್ವನತ್ತ ತೋರಿಸಿ, ಈಕೆ ಇಂಗ್ಲಿಷ್ ಎಲ್ಲಿ ಕಲಿತಳು ಎಂದು ಕೇಳಿದರು. ಹನುಮವ್ವನನ್ನು ಕೇಳಿದೆ. “ನನಗೆಲ್ಲಿ ಇಂಗ್ಲೀಷು? ಅಮ್ಮಾರೇ ಕನ್ನಡ ಆಡಿದ್ರು. ನೀವ ಕಲಿಸೀರಿ ಅನ್ಕಂಡಿದ್ದೆ” ಎಂದಳು. ಇಬ್ಬರನ್ನೂ ಎದುರುಬದುರು ನಿಲ್ಲಿಸಿದೆವು. ಮಾರ್ಗರೆಟ್ ಏನೋ ಹೇಳಿದರು. ಹನುಮವ್ವ ಅರ್ಥವಾಗದೆ ನನ್ನ ಮುಖ ನೋಡಿದಳು.

ಇದನ್ನು ಚರ್ಚಿನವರಿಗೆ ಬರೆಯುವಿರಾ ಎಂದು ಮರುದಿನ ಕೇಳಿದೆ. ಮಾರ್ಗರೆಟ್ ಇಲ್ಲವೆಂದು ತಲೆಯಾಡಿಸಿದರು. “ಬರೆದರೆ ಎಲ್ಲರೂ ನನ್ನ ಬಗ್ಗೆ ಮಾತಾಡುತ್ತಾರೆ. ಆ ಹುಡುಗಿ ಮಗುವಿಗೆ ಹಾಲು ಕುಡಿಸುತ್ತಿದ್ದಾಳೆ. ಅಷ್ಟು ಸಾಲದೇ?”

ಮಾರನೆಯ ವರ್ಷ ಅವರು ತಮ್ಮ ದೇಶಕ್ಕೆ ಹಿಂದಿರುಗಿದರು. ನನಗೂ ಮೇಷ್ಟ್ರ ಕೆಲಸ ಸಿಕ್ಕಿತು. ಕೆಲವು ವರ್ಷಗಳ ನಂತರ ವಾಲ್ಟರ್ ಫೋನು ಮಾಡಿ ಮಾರ್ಗರೆಟ್ ತೀರಿಕೊಂಡರೆಂದರು. ಹನುಮವ್ವನಿಗೆ ಹೇಳಬೇಕೆನಿಸಿ ಆ ಹಳ್ಳಿಗೆ ಹೋದೆ. ಆಕೆ, “ಪಾಪ, ತನ್ನ ಕೂಸಿನ ಹತ್ರ ಹೋದ್ಲು ಬಿಡ್ರಿ” ಎಂದಳು.

ಯಾವ ಕೂಸು ಎಂದೆ.

“ಆಕಿದೂ ಒಂದು ಹೋಗಿತ್ತಲ್ರಿ, ಚೊಚ್ಚಲು. ಹೆಣ್ಣು. ಉಸಿರಾಡಲಿಲ್ಲಂತ. ಅವತ್ತು ಕೂಸು ಅತ್ತ ಮ್ಯಾಲೆ ನನ್ನ ಕೈ ಹಿಡಕಂಡು ಹೇಳಿದ್ಲು. ನಿಮಗ ಹೇಳಿಲ್ಲೇನು?”

ವರ್ಷಕ್ಕೂ ಹೆಚ್ಚು ಜೊತೆಗಿದ್ದ ನನಗೆ ಹೇಳಿರಲಿಲ್ಲ. ಮನೆಗೆ ಬಂದು ವಾಲ್ಟರ್‌ಗೆ ಫೋನು ಮಾಡಿದೆ. ಹನುಮವ್ವ ಹೇಳಿದ್ದನ್ನು, ನನ್ನ ಹಳೆಯ ಕಸುಬಿನಂತೆ, ಇಂಗ್ಲಿಷ್ ಮಾಡಿ ಒಪ್ಪಿಸಿದೆ.

“ನಿಜ” ಎಂದರು ವಾಲ್ಟರ್. “ನಮ್ಮ ಉಳಿದ ಮಕ್ಕಳಿಗೂ ಗೊತ್ತಿಲ್ಲ. ಮದುವೆಯಾದ ಹೊಸತು. ಆಮೇಲೆ ಅವಳು ಆ ಮಾತು ಎತ್ತಲೇ ಇಲ್ಲ, ನನ್ನ ಹತ್ತಿರವೂ.” ಆಮೇಲೆ, “ಅವಳು ಅದನ್ನು ಯಾವ ಭಾಷೆಯಲ್ಲಿ ಹೇಳಿದಳಂತೆ?” ಎಂದು ಕೇಳಿದರು.

ಹನುಮವ್ವ ಕೇಳಿದ ಕನ್ನಡ ಎನ್ನಲೋ ಮಾರ್ಗರೆಟ್ ಆಡಿದ ಇಂಗ್ಲಿಷ್ ಎನ್ನಲೋ ತಿಳಿಯದೆ ಫೋನು ಹಿಡಿದು ನಿಂತೆ.