ದೊಡ್ಡಮನೆಯ ಹಗೇವು

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಒಂದು ದೊಡ್ಡಮನೆ ಇದೆ. ಮೂರಡಿ ದಪ್ಪದ ಕಲ್ಲುಗೋಡೆ, ಕಮರದ ಮರದ ಇಪ್ಪತ್ತನಾಲ್ಕು ಕಂಬ, ಮೇಲೆ ಕರಲುಮಣ್ಣಿನ ಮಾಳಿಗೆ. ಒಳಂಗಳದ ಚಪ್ಪಡಿಯ ಕೆಳಗೆ ಒಂದು ಹಗೇವು, ಅಂದರೆ ರಾಗಿ ತುಂಬಿಡುವ ನೆಲಗುಳಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಒಳಗೆ ಗಡಿಗೆಯ ಹಾಗೆ ಅಗಲ.

ಅದಕ್ಕೆ ಇಳಿಯುತ್ತಿದ್ದವರು ಪಾಲಯ್ಯ. ಹದಿನೆಂಟನೇ ವಯಸ್ಸಿನಿಂದ ಆ ಮನೆಯ ಆಳು; ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಹೆಂಡತಿ ಓಬಮ್ಮನ ಜೊತೆ ವಾಸ. ಚಪ್ಪಡಿ ಎತ್ತಿ ಒಂದು ದಿನ ಬಿಡಬೇಕು, ಮಿಂದು ಬರಬೇಕು, ಹಗ್ಗ ಕಟ್ಟಿ ಲಾಟೀನು ಇಳಿಸಬೇಕು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಯಾರೂ ಇಳಿಯಕೂಡದು. ಚಪ್ಪಲಿ ಹಾಕಿಕೊಂಡು ಆ ಚಪ್ಪಡಿ ತುಳಿದವರನ್ನು ಅವರು ಬೈಯುತ್ತಿದ್ದರು; ಒಮ್ಮೆ ಮನೆಯ ಅಳಿಯನನ್ನೇ ಬೈದಿದ್ದರು.

೨೦೦೪ರಲ್ಲಿ ಆಸ್ತಿ ಹಂಚಿಕೆಯಾಗಿ ಮನೆ ಆ ವಂಶದ ಪ್ರಸನ್ನಕುಮಾರ್ ಪಾಲಿಗೆ ಬಂತು. ಅವರು ಅದನ್ನು ಪ್ರವಾಸಿಗರ ತಂಗುದಾಣ ಮಾಡಿದರು. ಕಂಬಗಳಿಗೆ ಮಿರಿಮಿರಿ ಎಣ್ಣೆಬಣ್ಣ ಬಳಿಸಿದರು. ನೂರಿಪ್ಪತ್ತು ವರ್ಷದ ರೈತನ ಮನೆ ಬೋರ್ಡಿನಲ್ಲಿ ಪಾಳೆಯಗಾರರ ಅರಮನೆಯಾಯಿತು.

"ಹಗೇವು ಕ್ಲೀನ್ ಮಾಡಪ್ಪ, ಗೆಸ್ಟುಗಳಿಗೆ ತೋರಿಸಾಣ" ಎಂದರು. ಪಾಲಯ್ಯ ಮೂರು ದಿನ ಒಳಗಿಳಿದು ಕೊಳೆತ ಹುಲ್ಲು ತೆಗೆದು ಕೆಮ್ಮಣ್ಣು ಮೆತ್ತಿದರು. ನಾಲ್ಕನೇ ದಿನ ಪ್ಲಂಬರ್ ಬಂದು ಆರು ಹೊಸ ಕಕ್ಕಸುಗಳ ಪೈಪನ್ನು ಅದರೊಳಕ್ಕೆ ಬಿಟ್ಟ.

"ಸ್ವಾಮಿ, ಅದು ಉಣ್ಣೋ ಕಾಳಿನ ಜಾಗ."

"ಕಾಳು ಎಲ್ಲೈತೋ ಪಾಲಯ್ಯ? ರೆಡಿ ಗುಂಡಿ ಇರುವಾಗ ಇನ್ನೊಂದು ತೋಡಿಸ್ಲಾ? ನೀನು ರುಮಾಲು ಸುತ್ಕಂಡು ಬಂದೋರಿಗೆ ಕಥೆ ಹೇಳು, ಸಾಕು. ಆಗಲ್ಲ ಅಂದ್ರೆ ಕೋಣೆ ಖಾಲಿ ಮಾಡು."

ಆ ದಿನ ಪಾಲಯ್ಯ ಎರಡು ಸಲ ಮಿಂದರು. "ಕೈ ಮೂಸ್ಕಂತ ಕುಂತಿದ್ರು ಕಣಣ್ಣ, ಎಷ್ಟು ತೊಳೆದ್ರೂ" ಎನ್ನುತ್ತಾರೆ ಓಬಮ್ಮ.

ತಿಂಗಳಾದ ಮೇಲೆ ಒಂದು ಭಾನುವಾರ ಇಪ್ಪತ್ತು ಅತಿಥಿಗಳು ಅದೇ ಚಪ್ಪಡಿಯ ಸುತ್ತ ಮುದ್ದೆ ಊಟಕ್ಕೆ ಕೂತರು. ಬಿಸಿಲಿಗೆ ಕಲ್ಲಿನ ಸಂದಿನಿಂದ ನಾತ ಏಳುತ್ತಿತ್ತು. ಮೂಲೆಮೂಲೆಗೂ ಊದುಬತ್ತಿ ಹಚ್ಚಿದ್ದರು. ಇದು ದುರ್ಗದ ಕೋಟೆಗೆ ಹೋಗುವ ಸುರಂಗದ ಬಾಯಿ ಎಂದು ಪಾಲಯ್ಯ ಹೇಳಬೇಕಿತ್ತು. ಪ್ರಸನ್ನಕುಮಾರ್ ಹಾಗೆಂದು ಬಾಯಿಪಾಠ ಮಾಡಿಸಿದ್ದರು.

"ಇದರ ಕೆಳಗೆ ಏನಿದೆ ತಾತ?" ಎಂದು ಅತಿಥಿಯೊಬ್ಬಳು ಕೇಳಿದಳು.

"ನಾಕು ತಲೆಮಾರು ರಾಗಿ ಇತ್ತವ್ವ. ಈಗ ನೀವು ಬೆಳಗ್ಗೆ ಕೂತು ಬಂದಿದ್ದೈತೆ. ಉಣ್ರಿ."

ಯಾರೋ ನಕ್ಕರು. ಪಾಲಯ್ಯ ಹಾರೆ ತಂದು ಚಪ್ಪಡಿಯ ಅಂಚು ಮೀಟಿದರು. ಬಡಿಸಿದ ಎಲೆ ಬಿಟ್ಟು ಎಲ್ಲರೂ ಎದ್ದರು.

ಸಂಜೆಯೊಳಗೆ ಗಂಡ ಹೆಂಡತಿ ಕೋಣೆ ಬಿಟ್ಟು ಬಬ್ಬೂರಿನ ಮಗಳ ಮನೆ ಸೇರಿದರು. ಹದಿನೈದು ದಿನಕ್ಕೆ ದೊಡ್ಡಮನೆಯ ಅಡಿಗೆಯವ ಗಂಗಾಧರಪ್ಪ ಹುಡುಕಿಕೊಂಡು ಬಂದ.

"ಊಟ ಈಗ ಮಾಳಿಗೆ ಮೇಲೆ ಹಾಕ್ತೀವಿ, ವಾಸನೆ ಬರಲ್ಲ. ಯಜಮಾನ್ರು ಕರೀತಾವ್ರೆ, ಕೋಣೆ ಹಂಗೇ ಐತೆ, ಬರ್ರಿ."

"ಪೈಪು?" ಎಂದರು ಪಾಲಯ್ಯ.

"ಅದೂ ಹಂಗೇ ಐತೆ" ಎಂದ ಗಂಗಾಧರಪ್ಪ. ಓಬಮ್ಮ ಅವನ ಮುಂದೆ ತಟ್ಟೆ ಇಟ್ಟು ಅಂದರು:

"ನಾವು ಬರಲ್ಲ. ನೀನು ಇಲ್ಲೇ ಉಂಡು ಹೋಗಪ್ಪ."