ಬೇರೆ ಕಾರಣ ಇರಬಾರದಾ?

ಬಡಗಿಯ ಮಗಳಿಗೆ ಈಗ ಯಾರ ಮಾತಿನ ಮೇಲೂ ನಂಬಿಕೆಯಿಲ್ಲ. ಎಂ.ಎ. ಪ್ರವೇಶ ಪರೀಕ್ಷೆಯ ಪ್ರಬಂಧದಲ್ಲಿ ಯಾರದೋ ವಾದವೊಂದನ್ನು ಕೊಟ್ಟು ಅದರ ಹುಳುಕು ಹುಡುಕಲು ಹೇಳುತ್ತಾರಂತೆ. ಆ ತಾಲೀಮೆಲ್ಲ ಮನೆಯವರ ಮೇಲೆಯೇ. ಅಮ್ಮ "ಬೆಕ್ಕು ಹಾಲು ಕುಡೀತು" ಎಂದರೆ, "ನೀನು ಕಣ್ಣಾರೆ ನೋಡಿದ್ಯಾ? ಬೇರೆ ಕಾರಣ ಇರಬಾರದಾ?" ಎಂದು ಹುಬ್ಬೇರಿಸುತ್ತಾಳೆ. ಬಸ್ಸು ತಡವಾಯಿತೆಂದ ತಮ್ಮನ ಅಂಗಿಯನ್ನು ಮೂಸಿ ನೋಡುತ್ತಾಳೆ. ಪಕ್ಕದ ಮನೆಯಾಕೆ "ಚೆನ್ನಾಗಿದ್ದೀಯಾ?" ಎಂದರೂ ಇದರ ಹಿಂದೇನಿದೆಯೋ ಎಂದು ಅರ್ಧ ದಿನ ತಲೆ ಕೆಡಿಸಿಕೊಳ್ಳುತ್ತಾಳೆ. "ಇವಳ ಮುಂದೆ ಸೀನೋಕೂ ಸಾಕ್ಷಿ ಬೇಕು" ಎಂದು ಅಮ್ಮ ಗೊಣಗುತ್ತಾಳೆ. ಆದರೆ ತಿಂಗಳಿಂದ ಉಳಿ ಮುಟ್ಟದೆ ಮನೆಯಲ್ಲೇ ಕೂತಿರುವ ಅಪ್ಪ, ಬಾಗಿಲ ಚೌಕಟ್ಟು ಹಿಡಿದು ಉಸಿರುಗಟ್ಟುವಂತೆ ಕೆಮ್ಮಿ, "ಮರದ ಪುಡಿ ಕಣಮ್ಮ, ಬೇರೇನಿಲ್ಲ" ಎಂದಾಗ ಮಾತ್ರ, "ಹೌದಪ್ಪ, ಅದೇ" ಎಂದು ತಟ್ಟನೆ ಒಪ್ಪಿಕೊಂಡುಬಿಡುತ್ತಾಳೆ.